ಕಿಹಾಚಿ ಅಕ್ಕಿ ಹುರಿದ ಬೆಳಿಗ್ಗೆ

"ಮೂವತ್ತು ವರ್ಷದಿಂದ ಚಹಾ ಮಾರ್ತಿದ್ದೀನಿ. ನಾಲ್ಕು ಹಿಡಿ ಅಕ್ಕಿ ಹುರಿಯೋಕೆ ಬರಲ್ವಾ ನಂಗೆ?"

ಜಪಾನಿನ ಉಜಿ ಊರಿನ ಕಿಹಾಚಿ ತಲೆಗೊಂದು ಬಟ್ಟೆ ಬಿಗಿದು, ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಒಲೆಯ ಮುಂದೆ ನಿಂತ. ಹಸಿರು ಚಹಾದ ಎಲೆಗೆ ಬೆರೆಸುವ ಅಕ್ಕಿಯನ್ನು ಹುರಿಯುವವಳು ಯಾವಾಗಲೂ ಹೆಂಡತಿ ಶಿಜುಯೊ. ಮೊನ್ನೆ ಅವಳ ಬಲಗೈ ಉಳುಕಿತ್ತು. ಹನ್ನೊಂದಕ್ಕೆ ಬೀದಿಯ ಸಂಘದ ಮುಖ್ಯಸ್ಥ ನಿಶಿವಾಕಿ ರುಚಿ ನೋಡಲು ಬರುವವರಿದ್ದರು. ಒಪ್ಪಿದರೆ ಸಂಘದ ಕೂಟಕ್ಕೆ ಇನ್ನೂರು ಪೊಟ್ಟಣ ಚಹಾದ ಬೇಡಿಕೆ; ಇಲ್ಲದಿದ್ದರೆ ಅದು ಸೇತುವೆಯಾಚೆಯ ಅಂಗಡಿಯವನ ಪಾಲು.

"ರೀ, ಹತ್ತರಲ್ಲಿ ಒಂದು ಕಾಳು ಅರಳಿದ್ರೆ ಸಾಕು. ಇಳಿಸಿಬಿಡಿ."

"ನೀನು ಸುಮ್ನೆ ಕೂತ್ಕೋ ಮಾರಾಯ್ತಿ!"

ಮಣ್ಣಿನ ಬಾಣಲೆಯಲ್ಲಿ ಅಕ್ಕಿ ಹೊಂಬಣ್ಣಕ್ಕೆ ತಿರುಗಿತು. ಚಟ್! ಒಂದು ಕಾಳು ಬಿಳಿ ಹೂವಾಯಿತು. ಎಂಥ ಚೆಲುವು! ಕಿಹಾಚಿಗೆ ಆಸೆ ಹುಟ್ಟಿತು: ಎಲ್ಲವೂ ಅರಳಿದರೆ?

"ಇಳಿಸಿ ಅಂದೆ!"

"ಇನ್ನೊಂದೇ ನಿಮಿಷ!"

ಆ ನಿಮಿಷದಲ್ಲಿ ಹೊಂಬಣ್ಣ ಕಂದಾಯಿತು, ಕಂದು ಕಪ್ಪಾಯಿತು, ಕಪ್ಪು ಹೊಗೆಯಾಗಿ ಮೇಲೆದ್ದಿತು. ಸೂರಿಗೆ ಹಾಕಿದ್ದ ಹೊಗೆ-ಎಚ್ಚರಿಕೆಯ ಡಬ್ಬಿಯೊಳಗಿನ ಹೆಣ್ಣು ದನಿ ಬಹಳ ವಿನಯದಿಂದ, ಬೀದಿಗೆಲ್ಲ ಕೇಳುವಂತೆ ಸಾರತೊಡಗಿತು: "ಬೆಂಕಿ ಬಿದ್ದಿದೆ. ಬೆಂಕಿ ಬಿದ್ದಿದೆ."

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಬಾಗಿಲು ದಡಾರನೆ ತೆರೆಯಿತು. ತಲೆಗೆ ಹೆಲ್ಮೆಟ್, ಕೈಯಲ್ಲಿ ಬಕೆಟ್: ನಿಶಿವಾಕಿ! ಬೀದಿಯ ಬೆಂಕಿ ನಂದಿಸುವ ಪಡೆಗೂ ಅವರೇ ಮುಖ್ಯಸ್ಥರು. ಬಕೆಟ್ಟಿನ ನೀರು ಬಾಣಲೆಯ ಮೇಲೆ ಅರ್ಧ, ಕಿಹಾಚಿಯ ಮೇಲೆ ಅರ್ಧ.

"ಚಹಾ ಕುಡಿಯೋಕೆ ಕರೆದಿದ್ರಿ," ಎಂದರು ಕೆಮ್ಮುತ್ತ. "ಹೊಗೆ ಕುಡಿಸ್ತೀರಿ ಅಂತ ಹೇಳಿರ್ಲಿಲ್ಲ."

"ಹಾಗಾದ್ರೆ... ಇನ್ನೂರು ಪೊಟ್ಟಣ?" ಕಿಹಾಚಿ ತಲೆಯ ಬಟ್ಟೆ ಬಿಚ್ಚಿ ನೀರು ಹಿಂಡುತ್ತ ಕೇಳಿದ.

ನಿಶಿವಾಕಿ ತಣ್ಣೀರು ಬಿದ್ದು ಒಡೆದ ಬಾಣಲೆಯನ್ನು ನೋಡಿದರು. ಶಿಜುಯೊಳ ಪಟ್ಟಿ ಕಟ್ಟಿದ ಕೈಯನ್ನೂ ನೋಡಿದರು. "ಆ ಕೈ ವಾಸಿಯಾಗ್ಲಿ, ಕಾಯ್ತೀವಿ. ನಿಮ್ಮ ಕೈ ಮಾತ್ರ ಒಲೆ ಹತ್ರ ಬರಕೂಡದು."

ಕಿಹಾಚಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ನೆನಪಾಯಿತು: ಬೀದಿಯನ್ನು ಹೀಗೆ ಬೆಚ್ಚಿಬೀಳಿಸಿದ ಮೇಲೆ ರೂಢಿಯಂತೆ ಎದುರಿನ ಮೂರು ಮನೆಗೂ ಅಕ್ಕಪಕ್ಕದ ಎರಡಕ್ಕೂ ಕಾಣಿಕೆ ಹಿಡಿದು ಹೋಗಿ ತಲೆಬಾಗಬೇಕು. ಅದೂ ಇವತ್ತೇ!

"ಈಗಿಂದೀಗ ಎಲ್ಲಿಂದ ತರ್ಲಿ?"

ಶಿಜುಯೊ ಕಪಾಟು ತೆರೆದಳು. ಸಾಲಾಗಿ ಆರು ಸಿಹಿಯ ಪೆಟ್ಟಿಗೆ. ಒಂದೊಂದರ ಮೇಲೂ ಬಿಳಿ ಕಾಗದ, ಅದರಲ್ಲಿ ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ: "ತಪ್ಪಾಯಿತು. ಇಂತಿ, ಕಿಹಾಚಿ." ಆರನೆಯದನ್ನು ಅವಳು ನಿಶಿವಾಕಿಯವರ ಕೈಗಿತ್ತು ನಮಸ್ಕರಿಸಿದಳು.

"ಇದನ್ನೆಲ್ಲ ಯಾವಾಗ ಕಟ್ಟಿದೆ?"

"ನಿನ್ನೆ. 'ನಾನೇ ಹುರೀತೀನಿ' ಅಂದ್ರಲ್ಲ, ಆಗ್ಲೇ."