ನನ್ನ ಕ್ಯಾಸೆಟ್ಟಿಗೆ ಬಂದ ಕೀರ್ತಿ

ಮನುಷ್ಯನಿಗೆ ಹೆಸರು ಬರಬಾರದು ಅಂತ ಹೇಳಿದರೆ ನೀವು ನಗುತ್ತೀರಿ. ಹೆಸರು ಬಾರದವರೆಲ್ಲ ಹೀಗೇ ಹೇಳುತ್ತಾರೆ, ಎಟುಕದ ದ್ರಾಕ್ಷಿ ಹುಳಿ ಅಂದುಕೊಳ್ಳುತ್ತೀರಿ. ಆದರೆ ನನಗೆ ಹೆಸರು ಬಂದಿದೆ, ಅದೇ ತೊಂದರೆ. ಬೈಲಹೊಂಗಲದಿಂದ ಸವದತ್ತಿಯವರೆಗೆ, ಇತ್ತ ಕಿತ್ತೂರು, ಅತ್ತ ರಾಮದುರ್ಗ, ಯಾವ ಊರಿಗಾದರೂ ಹೋಗಿ ‘ಕ್ಲಾರ್ನೆಟ್ ಈರಪ್ಪ’ ಅಂದು ನೋಡಿ. ಕೇಳಿದವರು ಕೈ ಎತ್ತಿ ಮುಗಿದು, ‘ಭಾಳ ದೊಡ್ಡ ಕಲಾವಿದ್ರಿ’ ಅನ್ನುತ್ತಾರೆ. ಹಾಗಂದವರೇ, ತಮ್ಮ ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೋ ಇಲ್ಲವೋ ಎಂದು ಒಮ್ಮೆ ಒಳಗೆ ಇಣುಕಿ ನೋಡುತ್ತಾರೆ. ನನ್ನ ಕೀರ್ತಿ ಆ ಜಾತಿಯದು.

ಮೊದಲು ನಾನೂ ನಾಲ್ಕು ಮಂದಿಯಂತೆ ಸುಖವಾಗಿದ್ದೆ. ಮಾಬುಸಾಬನ ಬ್ಯಾಂಡ್ ಕಂಪನಿಯಲ್ಲಿ ಕ್ಲಾರ್ನೆಟ್ ಊದುತ್ತಿದ್ದೆ. ಕೆಂಪು ಕೋಟು, ಭುಜದ ಮೇಲೆ ಹಳದಿ ಗೊಂಡೆ, ಲಗ್ನದ ಹಂಗಾಮು ಬಂತೆಂದರೆ ಕಾಲಿಗೆ ಪುರುಸೊತ್ತಿಲ್ಲ. ಮಾಬುಸಾಬನೇ ಮಾಸ್ತರ, ಅವನದು ಟ್ರಂಪೆಟ್. ನಾವಿಬ್ಬರೂ ಒಂದೇ ಸಾಲಿಯಲ್ಲಿ ಒಂದೇ ಇಯತ್ತೆಯಲ್ಲಿ ಫೇಲಾದವರು, ಹೀಗಾಗಿ ಸ್ನೇಹ ಗಟ್ಟಿ. ನನಗೊಂದೇ ಕೊರಗು: ನಾನು ಊದಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಮುಂದೆ ದೊಡ್ಡ ಢೋಲು, ಹಿಂದೆ ಜನರೇಟರ್, ನಡುವೆ ನಾನು ಕಣ್ಣು ಮುಚ್ಚಿಕೊಂಡು ಭೀಮಪಲಾಸ ರಾಗದಲ್ಲಿ ಕರಗುತ್ತಿದ್ದರೆ ಪಕ್ಕದಲ್ಲಿ ಝಾಂಜು ಬಡಿಯುವವನಿಗೂ ಅದರ ಸುದ್ದಿ ಇರುತ್ತಿರಲಿಲ್ಲ. ಒಂದು ದಿನ ಸವದತ್ತಿಯ ಒಂದು ಮೆರವಣಿಗೆಯಲ್ಲಿ ಮದುಮಗನ ಸೋದರಮಾವ ಬಂದು, ‘ಏ ಪೀಪಿ, ಹಾವಿನ ಹಾಡು ಹಚ್ಚೋ’ ಅಂದ. ಹಚ್ಚಿದೆ. ಅವನು ಕರವಸ್ತ್ರದ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ರಸ್ತೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಹಾವಾದ. ಆದವನು ಏಳಲಿಲ್ಲ. ನಾನು ಬಗ್ಗಿ ಬಗ್ಗಿ ಅವನ ಮೂತಿಯ ಮುಂದೆ ಊದಿಯೇ ಊದಿದೆ. ಕಡೆಗೆ ನೋಡಿದರೆ ಹಾವು ಗೊರಕೆ ಹೊಡೆಯುತ್ತಿತ್ತು. ಒಬ್ಬ ಕಲಾವಿದನ ಬಾಳಿನಲ್ಲಿ ಇದಕ್ಕಿಂತ ಕೆಳಗೆ ಇಳಿಯಲು ಜಾಗವಿಲ್ಲ ಅಂತ ಆಗ ನನಗೆ ಅನ್ನಿಸಿತು. ಜಾಗ ಇನ್ನೂ ಬೇಕಾದಷ್ಟಿತ್ತು ಅನ್ನುವುದು ಗೊತ್ತಿರಲಿಲ್ಲ.

ಮರುದಿನ ಕೋಟು ಬಿಚ್ಚಿ ಮಾಬುಸಾಬನ ಕೈಗೆ ಕೊಟ್ಟೆ. ‘ನಾ ಒಬ್ಬನ ಒಂದು ಕ್ಯಾಸೆಟ್ ಮಾಡತೇನಿ. ಢೋಲಿಲ್ಲ, ಡ್ರಮ್ಮಿಲ್ಲ, ಬರೇ ಕ್ಲಾರ್ನೆಟ್’ ಅಂದೆ. ಅವನು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗುಳಿ ಬಂದು ಸಮಾಧಾನದಿಂದ ಕೇಳಿದ: ‘ಹುಚ್ಚ ಏನ್ಲೇ ಈರ್‍ಯಾ? ನೀ ಒಬ್ಬನ ಊದಿದ್ರ ಯಾರು ಕುಣೀತಾರೋ?’

‘ಯಾರೂ ಕುಣಿಯೋದು ಬ್ಯಾಡ. ಕುಂತು ಕೇಳಲಿ’ ಅಂದೆ ನಾನು. ಆ ಮಾತು ಅಂದ ಗಳಿಗೆ ಯಾವುದಿತ್ತೋ, ಮೇಲೆ ಅಸ್ತು ದೇವತೆಗಳು ಕೆಲಸವಿಲ್ಲದೆ ಕುಳಿತಿದ್ದರು ಅಂತ ಕಾಣುತ್ತದೆ.

ಕ್ಯಾಸೆಟ್ ಆಯಿತು. ಹುಬ್ಬಳ್ಳಿಗೆ ಹೋಗಿ, ಒಂದು ತಬಲಾ, ಒಂದು ತಂಬೂರಿ ಪೆಟ್ಟಿಗೆ ಇಟ್ಟುಕೊಂಡು ತತ್ವಪದಗಳ ಧಾಟಿಗಳನ್ನು ನಿಧಾನವಾಗಿ, ಹೊಟ್ಟೆಯೊಳಗಿನಿಂದ ಎಳೆದು ಎಳೆದು ನುಡಿಸಿದೆ. ಈಗಲೂ ಹೇಳುತ್ತೇನೆ, ಛಲೋ ನುಡಿಸಿದ್ದೆ. ಎಡವಟ್ಟಾದದ್ದು ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ. ನಮ್ಮೂರ ಫೋಟೋ ಸ್ಟುಡಿಯೋದವನು ಬಿಳಿ ಅಂಗಿ ತೊಡಿಸಿ, ‘ಕಣ್ಣ ಮುಚ್ಚರಿ, ಭಕ್ತಿ ಬರಲಿ’ ಅಂದ. ಮುಚ್ಚಿದೆ. ಅವನು ಸುತ್ತಲೂ ಹೂವಿನ ಬಳ್ಳಿ ಬಿಡಿಸಿ, ಕೆಳಗೆ ಒಂದು ದೀಪ ಇಟ್ಟ. ತಿಂಗಳು ಕಳೆದ ಮೇಲೆ ರಾಮದುರ್ಗದ ಒಂದು ಅಂಗಡಿಯಲ್ಲಿ, ಹೇಗೆ ಮಾರಾಟವಾಗುತ್ತಿದೆ ನೋಡೋಣ ಎಂದು ಗಿರಾಕಿಯಂತೆ ನಿಂತು ವಿಚಾರಿಸಿದರೆ ಅಂಗಡಿಯವನು, ‘ತೊಗೊಳ್ರಿ, ಭಾಳ ಛಲೋ ಐತಿ. ಪಾಪ, ಬಾರಿಸಿದಾವ ಈಗಿಲ್ಲ’ ಅಂದ. ಅವನ ಮುಖದಲ್ಲಿ ಎಷ್ಟು ದುಃಖವಿತ್ತೆಂದರೆ ನಾನೂ ‘ಹೌದೇನ್ರಿ, ಪಾಪ’ ಅಂದು ಒಂದು ಕ್ಯಾಸೆಟ್ ಕೊಂಡು ಹೊರಗೆ ಬಂದೆ.

ಇಷ್ಟಕ್ಕೇ ಮುಗಿದಿದ್ದರೆ ತಾಳಿಕೊಳ್ಳಬಹುದಿತ್ತು. ಆ ವರ್ಷ ನಮ್ಮೂರಿನ ಮಾರ್ಕೆಟ್ ಯಾರ್ಡಿನ ಒಬ್ಬ ಹಿರಿಯ ದಲಾಲರು ತೀರಿಕೊಂಡರು. ತುಂಬಿದ ಮನೆತನ, ಭಜನೆ ಇಲ್ಲದೆ ಹೆಣ ಎತ್ತುವಂತಿಲ್ಲ. ಭಜನೆಯವರು ನೋಡಿದರೆ ಸಿರಸಂಗಿಗೆ ಹೋಗಿದ್ದರು. ಮೈಕ್ ಸೆಟ್ಟಿನ ಪರಪ್ಪ, ಹೇಗೂ ಕೈಚೀಲದಲ್ಲಿ ಇದೆಯಲ್ಲ ಎಂದು ನನ್ನ ಕ್ಯಾಸೆಟ್ ಹಚ್ಚಿಬಿಟ್ಟ. ಮನೆಯ ಮೇಲಿನ ಎರಡು ಹಾರ್ನುಗಳಿಂದ ನನ್ನ ಕ್ಲಾರ್ನೆಟ್ಟು ಇಡೀ ಪೇಟೆಯ ಮೇಲೆ ಅತ್ತಿತು. ಅಲ್ಲಿಯವರೆಗೆ ಅಳು ಬಾರದೆ ಸೆರಗು ಕಚ್ಚಿಕೊಂಡು ಕುಳಿತಿದ್ದ ಸೊಸೆಯಂದಿರೂ ಗೊಳೋ ಅಂದರು. ಅಡತಿ ಅಂಗಡಿಯ ಹಮಾಲರು ಚೀಲ ಇಳಿಸಿ ಕಣ್ಣೊರೆಸಿಕೊಂಡರು. ‘ಸಾವು ಅಂದ್ರ ಹಿಂಗ ಕಳೆ ಕಟ್ಟಬೇಕು ನೋಡ್ರಿ’ ಎಂದು ಊರು ಮಾತಾಡಿತು. ಮುಗಿಯಿತು. ಅಂದಿನಿಂದ ಯಾರ ಮನೆಯಲ್ಲಿ ಯಾರು ಹೋದರೂ ಬಂಧುಗಳಿಗೆ ಆಮೇಲೆ, ಮೊದಲು ಪರಪ್ಪನಿಗೆ ಸುದ್ದಿ.

ನಮ್ಮ ಕಡೆ ಬಹಳ ಮನೆತನಗಳಲ್ಲಿ ತೀರಿದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಪಟಗಾ ಸುತ್ತಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಅವರ ಮುಂದೆ ಊರಿನವರು ಬಾಯಿ ಮುಚ್ಚಿಕೊಂಡು ಜಮಖಾನೆಯ ಮೇಲೆ ಕೂಡುತ್ತಾರೆ. ಒಬ್ಬರೂ ಕೆಮ್ಮುವುದಿಲ್ಲ, ಒಬ್ಬರೂ ಎದ್ದು ಹೋಗುವುದಿಲ್ಲ. ಕುಂತು ಕೇಳಲಿ ಅಂದಿದ್ದೆನಲ್ಲ, ಎಲ್ಲರೂ ಕುಂತೇ ಕೇಳುತ್ತಿದ್ದರು, ಸತ್ತವರನ್ನೂ ಹಿಡಿದು. ಕಿತ್ತೂರಿನ ಒಂದು ಸಂಘದವರು ಕರೆದು ಶಾಲು ಹೊದಿಸಿದರು. ಭಾಷಣ ಮಾಡಿದ ನಿವೃತ್ತ ಮಾಸ್ತರರು, ‘ಇವರ ವಾದನ ಕೇಳಿದರೆ ಈ ಕ್ಷಣವೇ ಕಣ್ಣು ಮುಚ್ಚಬೇಕು ಅನ್ನಿಸುತ್ತದೆ’ ಅಂದರು. ಚಪ್ಪಾಳೆಯೋ ಚಪ್ಪಾಳೆ. ನಾನು ಶಾಲಿನೊಳಗೆ ಬೆವರಿದೆ.

ಮನೆಯಲ್ಲಿ ರಿಯಾಜು ನಿಂತುಹೋಯಿತು. ಸಂಜೆ ಒಂದು ಸ್ವರ ಹಿಡಿದರೆ ಸಾಕು, ಓಣಿಯ ತುದಿಯ ಕಿರಾಣಿ ಅಂಗಡಿಯವನು ಗೌರವಕ್ಕೆಂದು ಅರ್ಧ ಶಟರ್ ಎಳೆಯುತ್ತಿದ್ದ. ಹಿತ್ತಿಲ ಮನೆಯ ಸೊಸೆ ಬಂದು, ‘ಕಾಕಾ, ಇವತ್ತೊಂದಿನ ಊದಬ್ಯಾಡ್ರಿ. ನಮ್ಮ ಅತ್ತಿ ಹಾಸಿಗಿ ಹಿಡದಾಳ’ ಅನ್ನುವಷ್ಟರಲ್ಲಿ ಆ ಅತ್ತೆಯೇ ಗೋಡೆ ಹಿಡಿದುಕೊಂಡು ಎದ್ದು ಬಂದು, ‘ಏ ಈರ್‍ಯಾ, ನಾ ಇನ್ನ ಜೀವಂತ ಇದ್ದೇನಿ, ಅವಸರ ಮಾಡಬ್ಯಾಡ’ ಎಂದು ಕೂಗಿದಳು. ಲಗ್ನದ ಮಂದಿಯಂತೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ತಲೆ ಕೆಟ್ಟು ಮೊಸರು ಗಡಿಗೆ ಆಗಿತ್ತು. ಒಂದು ದಿನ ಪರಪ್ಪ ಸಿಕ್ಕು, ‘ಅಣ್ಣಾರ, ನಿಮ್ಮ ಕ್ಯಾಸೆಟ್ ಈಗ ಸಿ.ಡಿ.ಗೆ ಹಾಕಿಸೇನಿ. ಇನ್ನ ಸವೆಯೋ ಮಾತಿಲ್ಲ’ ಎಂದು ಸಂತೋಷದಿಂದ ಹೇಳಿದಾಗ ನನಗೆ ನಿಜವಾಗಿಯೂ ಎದೆ ಒಡೆಯಿತು. ಸವೆದರೆ ಬಿಡುಗಡೆ ಎಂದು ಕಾಯುತ್ತಿದ್ದೆ.

ಇದೆಲ್ಲ ನನ್ನೊಬ್ಬನ ಸಂಕಟ, ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಮಗಳ ಮದುವೆಯಲ್ಲಿ ಬಂತು. ಸುಜಾತಾ ನನ್ನ ಒಬ್ಬಳೇ ಮಗಳು. ಅವಳು ತೊಟ್ಟಿಲಲ್ಲಿದ್ದಾಗಲೇ, ಇವಳ ಲಗ್ನದ ಮೆರವಣಿಗೆಯಲ್ಲಿ ಕ್ಲಾರ್ನೆಟ್ ನನ್ನದೇ ಎಂದು ಹೇಳಿಕೊಂಡವನು ನಾನು. ಬ್ಯಾಂಡಿನವನಿಗೆ ಬೇರೆ ಆಸೆ ಏನಿರುತ್ತದೆ? ಊರವರ ಮಕ್ಕಳಿಗೆಲ್ಲ ಊದಿದವನು ತನ್ನ ಮಗಳಿಗೆ ಊದಬೇಕು. ರಾಮದುರ್ಗದ ಸಂಬಂಧ ಗಟ್ಟಿಯಾಯಿತು. ಬೀಗರ ಕಡೆಯಿಂದ ಒಂದೇ ಮಾತು ಬಂತು. ಹುಡುಗನ ಅಜ್ಜ ನಿಂಗಪ್ಪನವರು ಹೇಳಿಕಳಿಸಿದ್ದರು: ‘ಬೀಗರು ನಮಗ ಭಾಳ ಬೇಕು. ಅವರ ಕ್ಲಾರ್ನೆಟ್ ಮಾತ್ರ ಚಪ್ಪರದ ಹಂತ್ಯಾಕ ಬರೋದು ಬ್ಯಾಡ.’

ಹೆಂಡತಿ ಶಾಂತವ್ವ, ‘ಹೆಣ್ಣ ಹೆತ್ತವ್ರು ಕೈ ಮುಗದು ನಿಂತ್ರ ಸಾಕ್ರಿ, ಊದೋದು ಬ್ಯಾಡ’ ಅಂದಳು. ನಾನು ಅನ್ನದ ತಾಟಿನ ಮುಂದಿನಿಂದ ಎದ್ದು ಹೋದೆ. ಅರಿಷಿಣದ ದಿನ ಸುಜಾತಾ ಮೈತುಂಬ ಹಳದಿ ಬಳಿದುಕೊಂಡು ಒಳಕೋಣೆಗೆ ಕರೆದಳು. ‘ಅಪ್ಪಾ, ಮಂದಿ ಹಾಳಾಗಿ ಹೋಗಲಿ. ಬಾಗಲಾ ಹಾಕತೇನಿ, ನನಗಷ್ಟ ಒಂದು ಬಾರಿಸು. ಕುಣಿಯೂ ಹಂಗ ಇರಲಿ’ ಅಂದಳು.

ಪೆಟ್ಟಿಗೆ ತೆರೆದು ಕ್ಲಾರ್ನೆಟ್ ಜೋಡಿಸಿದೆ. ಮದುವೆಗಳಲ್ಲಿ ನಿದ್ದೆಗಣ್ಣಲ್ಲೂ ಊದುತ್ತಿದ್ದ ಒಂದು ಧಾಟಿ ಎತ್ತಿಕೊಂಡೆ. ಬೆರಳು ಓಡಲಿಲ್ಲ. ಓಡು ಅಂದರೆ ಎಳೆಯುತ್ತವೆ, ಜಿಗಿ ಅಂದರೆ ಜೋತು ಬೀಳುತ್ತವೆ. ಎಷ್ಟು ಸಲ ಹಿಡಿದರೂ ಎರಡನೇ ಸಾಲಿನಲ್ಲಿ ಅದು ಅಳುವಾಗಿ ಹೊರಳುತ್ತಿತ್ತು. ಹುಡುಗಿಯ ಮುಖ ಸಣ್ಣದಾಯಿತು, ಕಣ್ಣೀರು ಹಳದಿಯ ಮೇಲೆ ಇಳಿಯಿತು. ‘ಛಲೋ ಐತಪ್ಪಾ, ಸಾಕು’ ಅಂದಳು. ಬೀಗರು ಬೇಡ ಅಂದದ್ದಕ್ಕೆ ನನಗೆ ಬರೀ ಸಿಟ್ಟು ಬಂದಿತ್ತು. ಮಗಳ ಆ ಮಾತಿಗೆ ಮಾತ್ರ ಭೂಮಿಯೊಳಗೆ ಇಳಿದು ಹೋದೆ. ಸಂತೋಷ ಅನ್ನುವುದು ನನ್ನ ಕೈಬಿಟ್ಟು ಹೋಗಿದೆ, ಅದೂ ನನಗೆ ಹೇಳದೆ.

ಮದುವೆಯ ದಿನ ಮಾಬುಸಾಬನ ಬ್ಯಾಂಡೇ ಬಂತು. ಮೆರವಣಿಗೆ ಹೊರಟಾಗ ನಾನು ಹಳೆಯ ಅಭ್ಯಾಸದಿಂದ ಬ್ಯಾಂಡಿನ ಸಾಲಿಗೆ ಅಂಟಿಕೊಂಡು ನಡೆಯುತ್ತಿದ್ದೆ. ಬರಿಗೈ ಏನು ಮಾಡಬೇಕೆಂದು ತಿಳಿಯದೆ ಜೋತಾಡುತ್ತಿತ್ತು. ಮಾಬುಸಾಬ ನೋಡಿದ. ಊದುವುದನ್ನು ನಿಲ್ಲಿಸಿ, ಡಬ್ಬಿಯಲ್ಲಿ ಹರಳು ತುಂಬಿದ ಗಿಲಕಿಯನ್ನು ನನ್ನ ಕೈಗೆ ತುರುಕಿದ. ಏನೂ ಬಾರದವರಿಗೆ ಬ್ಯಾಂಡಿನಲ್ಲಿ ಕೊಡುವ ವಾದ್ಯ ಅದು. ‘ಅಳಸಬ್ಯಾಡ ಮತ್ತ ಇದನ್ನೂ’ ಅಂದ. ಕಿತ್ತೂರಿನಲ್ಲಿ ಶಾಲು ಹೊದ್ದ ಕಲಾವಿದ ಮಗಳ ಮೆರವಣಿಗೆಯಲ್ಲಿ ಝಕ್ಕು ಝಕ್ಕು ಎಂದು ಗಿಲಕಿ ಆಡಿಸಿದ. ತಾಳ ತಪ್ಪಲಿಲ್ಲ, ಅಷ್ಟು ಹೇಳಬಲ್ಲೆ.

ಊರಬಾಗಿಲ ಅಗಸಿಯ ಹತ್ತಿರ ಬಂದಾಗ ನಿಂಗಪ್ಪಜ್ಜ ಕೋಲೂರಿಕೊಂಡು ನನ್ನ ಪಕ್ಕಕ್ಕೆ ಬಂದರು. ಢೋಲಿನ ಸದ್ದಿಗೆ ನನ್ನ ಕಿವಿಗೇ ಬಾಯಿ ಇಟ್ಟು ಹೇಳಿದರು: ‘ಬೀಗರ, ತಪ್ಪ ತಿಳೀಬ್ಯಾಡ್ರಿ. ಲಗ್ನದ ಮನಿ, ಹೆಣ್ಣಮಕ್ಕಳು ಅಂಜತಾವು, ಅದಕ್ಕ ಬ್ಯಾಡ ಅಂದೆ. ಆದ್ರ ನನ್ನ ಹೊತ್ತು ಬಂದಾಗ ಆ ಸಿ.ಡಿ. ಗಿ.ಡಿ. ಹಚ್ಚಗೊಡಬ್ಯಾಡ್ರಿ. ನೀವ ಖುದ್ದ ಬಂದು ನನ್ನ ಮುಂದ ಕುಂತು ಊದಬೇಕು.’

‘ಬಿಡ್ತು ಅನ್ರಿ ಅಜ್ಜಾರ, ನೂರು ವರ್ಷ ಬಾಳ್ರಿ’ ಎಂದು ನಾನು ಅನ್ನಬೇಕಿತ್ತು. ಮನುಷ್ಯನಾದವನು ಹಾಗೇ ಅನ್ನುತ್ತಾನೆ. ಆದರೆ ಕ್ಯಾಸೆಟ್ಟನ್ನು ಬಿಟ್ಟು ನನ್ನನ್ನೇ ಬೇಕು ಎಂದು ಒಬ್ಬರು ಕೇಳಿ ಎಷ್ಟು ಕಾಲವಾಗಿತ್ತು. ಬ್ಯಾಂಡಿನವನ ಬಾಯಿ ಅದು, ತಾನಾಗಿ ತೆರೆದುಕೊಂಡಿತು.

‘ಯಾವ ತಾರೀಖಿಗ್ರಿ?’ ಅಂದುಬಿಟ್ಟೆ.

ಅಜ್ಜ ಸಿಟ್ಟಾಗಲಿಲ್ಲ. ನಿಂತು ಸ್ವಲ್ಪ ಹೊತ್ತು ವಿಚಾರ ಮಾಡಿ, ‘ಈಗ ಹೆಂಗ ಹೇಳಲ್ರಿ? ಆ ಹೊತ್ತಿಗೆ ನೀವು ಬ್ಯಾರೆ ಆರ್ಡರ್ ಹಿಡದು ಕುಂತೀರಿ ಮತ್ತ’ ಅಂದರು.

‘ಇಲ್ರಿ ಅಜ್ಜಾರ’ ಅಂದೆ ಗಿಲಕಿ ಆಡಿಸುತ್ತ, ‘ನಾ ಖಾಲಿನ ಇರತೇನಿ.’