ತತ್ತ್ವಶಾಸ್ತ್ರದ ಮೇಷ್ಟ್ರಿಗೆ ಎದುರಂಗಡಿ ದರ್ಜಿಯ ಅರಿಕೆ

ಮಾನ್ಯರೇ,

ಪ್ರಥಮ ವರ್ಷದ ಮಕ್ಕಳಿಗೆ ತತ್ತ್ವಶಾಸ್ತ್ರದ ಪರಿಚಯ ಮಾಡಿಸುತ್ತಿರುವ ತಮ್ಮ ದಿವ್ಯ ಸನ್ನಿಧಿಗೆ, ಕಾಲೇಜಿನ ಎದುರು ಮಹಡಿ ಮೆಟ್ಟಿಲ ಕೆಳಗೆ ಅಂಗಡಿ ಇಟ್ಟುಕೊಂಡಿರುವ ದರ್ಜಿ ಮಾಡುವ ನಮಸ್ಕಾರಗಳು. ತಮ್ಮ ತರಗತಿಯ ಎರಡನೇ ಬೆಂಚಿನಲ್ಲಿ ಕೂತು ಸದಾ ಕೈ ಎತ್ತುವವಳು ನನ್ನ ಮಗಳು. ಸಂಜೆ ಅಂಗಡಿಯಲ್ಲಿ ಕಾಜ ಹಾಕಿ ಗುಂಡಿ ಹೊಲಿಯುವವಳೂ ಅವಳೇ.

ಸುಳ್ಳು ಹೇಳುವುದು ಯಾವ ಕಾಲಕ್ಕೂ ಸರಿಯಲ್ಲ ಎಂದು ತಾವು ಕಳೆದ ತಿಂಗಳು ಅಪ್ಪಣೆ ಕೊಡಿಸಿದಿರಂತೆ. ಎಂಥ ಮಾತು ಸ್ವಾಮಿ! ಆದರೆ ದರ್ಜಿಯ ಕಸುಬು ನಿಂತಿರುವುದೇ 'ನಾಳೆ ಬನ್ನಿ, ಗುಂಡಿ ಒಂದು ಬಾಕಿ' ಎಂಬ ಮಾತಿನ ಮೇಲೆ. ಅದು ಗಿರಾಕಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಮರ್ಯಾದೆಯಿಂದ ಬೀಳ್ಕೊಳ್ಳುತ್ತೇವೆ. ಮೊನ್ನೆ ಯೂನಿಫಾರ್ಮ್ ಕೇಳಿಕೊಂಡು ಬಂದ ನರ್ಸಮ್ಮನಿಗೆ ನನ್ನ ಮಗಳು, ಬಟ್ಟೆಯ ಗಂಟನ್ನೇ ಇನ್ನೂ ಬಿಚ್ಚಿಲ್ಲವೆಂದೂ ಅಪ್ಪ ಮಧ್ಯಾಹ್ನವೆಲ್ಲ ನಿದ್ದೆ ಹೊಡೆದರೆಂದೂ ಸವಿಸ್ತಾರವಾಗಿ ತಿಳಿಸಿದಳು. ನರ್ಸಮ್ಮ ಗಂಟು ಎತ್ತಿಕೊಂಡು ಹೋದರು, ನಾನು ಇಂಗು ತಿಂದ ಮಂಗನಂತೆ ನಿಂತೆ.

ತಮ್ಮ ಮೊದಲನೇ ಪಾಠದ ಬಗ್ಗೆ ಮಾತ್ರ ನನ್ನದೇನೂ ತಕರಾರಿಲ್ಲ. ಕಣ್ಣಿಗೆ ಕಂಡದ್ದನ್ನೆಲ್ಲ ನಂಬಬಾರದೆಂದು ತಾವು ಒಂದು ವಾರ ಬೋಧಿಸಿದಿರಂತೆ. ನನಗದು ಒಂದು ವರ್ಷದಿಂದ ಅನುಭವಕ್ಕೆ ಬಂದಿದೆ. ಸೂಜಿಗೆ ಎರಡು ತೂತು ಕಾಣುತ್ತವೆ, ದಾರ ಎರಡರಲ್ಲೂ ಹೋಗುವುದಿಲ್ಲ. ಬಲ್ಬು ಮಂಕಾಗಿದೆ ಎಂದು ಮನೆಯವಳಿಗೆ ಹೇಳಿ ಇದುವರೆಗೆ ನಾಲ್ಕು ಬಲ್ಬು ಬದಲಾಯಿಸಿದ್ದೇನೆ. ನಿಜ ತಿಳಿದರೆ ಅವಳು ಅಂಗಡಿಗೆ ಬೀಗ ಹಾಕಿಸುತ್ತಾಳೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಲು ನನಗೆ ಭಯ ಮೇಷ್ಟ್ರೇ, ತಮ್ಮಲ್ಲಿ ಮುಚ್ಚುಮರೆ ಏನು. ಈ ಮೆಷಿನ್ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ.

ಇದೆಲ್ಲ ಮಗಳಿಗೆ ಗೊತ್ತಾಗಿಹೋಗಿದೆ. ಅವಳು ಬೈಯಲಿಲ್ಲ, ಸೂಜಿಗೆ ದಾರ ಪೋಣಿಸಿ ನನ್ನ ಕೈಗಿಟ್ಟು, “ಭಾನುವಾರದೊಳಗೆ ಅಮ್ಮಂಗೆ ನೀನೇ ಹೇಳಪ್ಪ. ಅವಳು ಕೇಳಿದ್ರೆ ನನ್ ಕೈಲಿ ಸುಳ್ಳು ಹೇಳಕ್ಕಾಗಲ್ಲ” ಅಂದಳು.

ಆದ್ದರಿಂದ ತಾವು ದಯಮಾಡಿ ಶನಿವಾರ ಒಂದು ವಿಶೇಷ ತರಗತಿ ನಡೆಸಿ, ಕಣ್ಣಿನ ವಿಚಾರವಾಗಿ ಗಂಡ ಹೆಂಡತಿಗೆ ಹೇಳುವ ಸುಳ್ಳು ಸುಳ್ಳೇ ಅಲ್ಲವೆಂದು ಸಾಧಿಸಿಕೊಡಬೇಕು. ಅದಾಗದಿದ್ದರೆ ಭಾನುವಾರ ಎಂಬುದೇ ಇಲ್ಲವೆಂದಾದರೂ ಸಾಧಿಸಿಕೊಡಿ. ತಮ್ಮಂಥವರಿಗೆ ಅದೇನು ಮಹಾ.

ಶನಿವಾರದವರೆಗೆ ಮಾತ್ರ ನೆಮ್ಮದಿ ಉಳಿದಿರುವ
ತಮ್ಮ ವಿಶ್ವಾಸಿ,
ದರ್ಜಿ

ತಾ.ಕ.: ಆ ಸುಳ್ಳಿನ ಪಾಠ ನಡೆದ ವಾರವೇ ತಾವು ನಾನು ಹೊಲಿದ ಕೋಟು ತೊಟ್ಟು ನೋಡಿ, ಬಹಳ ಅಚ್ಚುಕಟ್ಟಾಗಿದೆ ಎಂದು ಹೊಗಳಿ ಹೋದಿರಿ. ಬಲಗಡೆ ತೋಳು ಎರಡು ಬೆರಳು ಗಿಡ್ಡವೆಂದೂ, ಪಾಠ ಮಾಡುವಾಗ ತಾವು ಅದನ್ನು ಎಳೆದುಕೊಳ್ಳುತ್ತಲೇ ಇರುತ್ತೀರೆಂದೂ ಮಗಳು ನಿನ್ನೆ ಹೇಳಿದಳು. ಅಂದೇ ನಿಜ ಹೇಳಿದ್ದರೆ ನಾನು ಇಷ್ಟು ಹೊತ್ತಿಗೆ ಡಾಕ್ಟರ ಹತ್ತಿರ ಹೋಗಿಬಂದಿರುತ್ತಿದ್ದೆ.