ಮುಟ್ಟು ನಿಂತ ಮ್ಯಾಲೆ ನಮ್ಮಕ್ಕ

ಮನ್ಯಾಗ ಒಬ್ಬರಿಗೆ ಜಡ್ಡು ಬಂತಂದ್ರ ನಗೋ ಪ್ರಸಂಗಕ್ಕೇನೂ ಬರ ಇರಂಗಿಲ್ಲರಿ. ಕರೀದ ಬರತಾವ, ನೆಟ್ಟಗ ಅಳಲಿಕ್ಕೂ ಬಿಡಂಗಿಲ್ಲ. ಪುಣೆಯ ಸದಾಶಿವ ಪೇಠದಾಗಿದ್ದ ನಮ್ಮಕ್ಕಗ ಮುಟ್ಟು ನಿಂತ ಮ್ಯಾಲಿನವು ಇವು. ಅಕ್ಕ ಈಗಿಲ್ಲ. ಇದ್ದಿದ್ರ ನನಗಿಂತ ಛಲೋ ಹೇಳ್ತಿದ್ಲು.

೧. ಡಿಸೆಂಬರಿನ ಫ್ಯಾನು

ಮೊದಲು ಶುರು ಆದದ್ದು ಮೈ ಝಳ. ಡಿಸೆಂಬರ್ ಥಂಡಿಯೊಳಗ ಅಕ್ಕ ಬೆವರು ಒರಸ್ಕೋತ ಫ್ಯಾನು ಐದಕ್ಕ ಇಡ್ತಿದ್ಲು. ಅಕಿ ಗಂಡ, ಅಂದ್ರ ನಮ್ಮ ಮಾಮಾ, ವಹಿ-ಪೆನ್ನಿನ ಅಂಗಡಿ ಇಟ್ಟಾರ. ಆ ಪೇಠದ ಪದ್ಧತಿ ಪ್ರಕಾರ ಮಧ್ಯಾಹ್ನ ಒಂದಕ್ಕ ಅಂಗಡಿ ಮುಚ್ಚಿ ಮಲಗಲಿಕ್ಕೇ ಬೇಕು. ಒಂದಿನ ಶಟರ್ ಎಳದು, ಅಲ್ಲೇ ನಿಂತು ಸ್ವೆಟರು, ಮಂಕಿ ಕ್ಯಾಪು, ಕಾಲಚೀಲ ಎಲ್ಲಾ ಏರಿಸ್ಲಿಕ್ಕೆ ಹತ್ತಿದ್ರು. ಬಾಜೂ ಅಂಗಡ್ಯಾಂವ ಕೇಳಿದ: "ಕಾಯ್ ಹೋ, ಮಹಾಬಳೇಶ್ವರಲಾ ಚಾಲ್ಲಾತ್?" ಥಂಡಿ ಗುಡ್ಡಕ್ಕ ಹೊಂಟೀರೇನು ಅಂತ.

"ನಾಹೀ ಹೋ, ಘರೀ ಝೋಪಾಯಲಾ," ಅಂದ್ರು ಮಾಮಾ. ಮನಿಗೆ, ಮಲಗಲಿಕ್ಕೆ!

೨. ಯಾರ ತೋಳು?

ಕೋಥರೂಡಿನ ಲೇಡಿ ಡಾಕ್ಟರ ಕಡೆ ಅಕ್ಕನ್ನ ನಾನ ಎಳಕೊಂಡು ಹೋದೆ. ಮಾಮಾನೂ ಬಂದ್ರು. ಡಾಕ್ಟರು ನಮ್ಮ ಬೆಳಗಾವಿ ಕಡಿಯವರು. ರಕ್ತದ ರಿಪೋರ್ಟ್ ನೋಡಿ, "ಈಸ್ಟ್ರೋಜೆನ್ ಭಾಳ ಇಳದದರಿ. ಇಷ್ಟು ದಿನ ಅದು ರಕ್ತನಾಳ ಮೆತ್ತಗ ಇಡ್ತಿತ್ತು. ಇನ್ನ ಅವು ಬಿರುಸಾಗ್ತಾವ. ಎದಿ ಕಡೆ ಲಕ್ಷ್ಯ ಇರಲಿ," ಅಂದ್ರು.

"ಮೂವತ್ತು ವರ್ಷ ಇವರ ಜೋಡಿ ಸಂಸಾರ ಮಾಡೀನ್ರಿ. ಬಿರುಸಾಗದ ಏನಾಗ್ತಾವ?" ಅಂದ್ಲು ಅಕ್ಕ.

"ಬರ್ರಿ, ಬಿಪಿ ನೋಡೋಣು. ತೋಳು ಕೊಡ್ರಿ."

ಅಕ್ಕ ಸಟ್ಟನ ಮಾಮಾನ ಅಂಗಿ ತೋಳು ಏರಿಸಿ, ಅವರ ಕೈ ಮುಂದ ಚಾಚಿದ್ಲು! ಎದಿ ಬ್ಯಾನಿ ಅಂದ್ರ ಗಂಡಸರದು ಅಂತ ಅಕಿ ನಂಬಿಗಿ. ನೆನಸ್ಕೊಂಡ್ರ ನನಗ ಈಗ್ಲೂ ಸಿಟ್ಟು ಬರ್ತದ.

ಡಾಕ್ಟರು ಮಾಮಾನ ಬಿಪಿ ನೋಡಿ, "ಇವರದು ಛಲೋ ಅದ. ಇನ್ನ ಪೇಶಂಟಂದೂ ನೋಡಲ್ಯಾ?" ಅಂದ್ರು.

೩. ಮೆಟ್ಟಿಲು ಹತ್ತೋ ಹಲ್ಲು

ಲೇಡಿ ಡಾಕ್ಟರು ಅಕ್ಕಗ ಗುಳಿಗಿ ಬರದು ಕೊಟ್ರು. ಅಕ್ಕ ಮಾಮಾಗ ಅವರ ಶುಗರಿನ ಗುಳಿಗಿ ನೆನಪಿಟ್ಟು ಕೊಟ್ಟು, ತನ್ನದು ಮರತುಬಿಡ್ತಿದ್ಲು. ಮುಂದ ಅಕಿ ದವಡಿ ನೋಯ್ಲಿಕ್ಕೆ ಹತ್ತಿತು. ಸೀದಾ ಹಲ್ಲಿನ ಡಾಕ್ಟರ ಕಡೆ ಹೋದ್ಲು. ಅಂವ ಎಲ್ಲಾ ಹಲ್ಲು ಬಡದು ನೋಡಿ, "ಯಾವಾಗ ನೋಯ್ತದ?" ಅಂದ.

"ನಮ್ಮ ವಾಡೆ ಮನಿಯ ಮೆಟ್ಟಿಲು ಹತ್ತೋವಾಗ."

"ಕೂತ್ರ?"

"ನಿಲ್ತದ."

ಅಂವ ಕನ್ನಡಿ ಕೆಳಗಿಟ್ಟ. "ಕಾಕೂ, ಹಲ್ಲು ಮೆಟ್ಟಿಲು ಹತ್ತಂಗಿಲ್ಲ. ಈಗಿಂದೀಗ ಹಾರ್ಟಿನ ಡಾಕ್ಟರ ಕಡೆ ಹೋಗ್ರಿ."

ಅಕ್ಕ ನನಗ ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು. "ಹಲ್ಲಿನಾಂವ ಎದಿ ತೋರಿಸ್ಕೋ ಅಂತಾನ. ಇನ್ನ ಎದಿ ಡಾಕ್ಟರು ಹಲ್ಲು ಕೀಳ್ತಾರೋ ಏನೋ!"

೪. ತಾಳಿ

ಹಾರ್ಟಿನ ದವಾಖಾನ್ಯಾಗ, ಆಂಜಿಯೋಗ್ರಫಿ ಮಾಡಬೇಕು, ಮೈಮ್ಯಾಲಿನ ಬಂಗಾರ ತಗೀರಿ ಅಂದ್ಲು ನರ್ಸು. ತಾಳಿ ತಗೀಲಿಕ್ಕೆ ಅಕ್ಕ ಒಲ್ಲೆ ಅಂದ್ಲು. ನಾನೂ ಬೈದೆ. ಕಡೀಕೆ ಮಾಮಾಗ, "ಕಿಸೆದಾಗ ಇಟ್ರ ನೀವು ಕಳೀತೀರಿ. ಬಾಗ್ರಿ," ಅಂದ್ಲು. ಬಾಗಿದ್ರು. ಎಲ್ಲಾರ ಮುಂದ ಅವರ ಕೊರಳಾಗ ತಾಳಿ ಹಾಕಿಬಿಟ್ಲು! ನರ್ಸು ಬಾಯಿಗೆ ಕೈ ಅಡ್ಡ ಹಿಡದು ನಕ್ಲು.

"ಇಷ್ಟು ವರ್ಷ ವಟಪೌರ್ಣಿಮೆಗೆ ನಿಮ್ಮ ಆಯುಷ್ಯಕ್ಕಂತ ನಾ ಆಲದ ಮರಾ ಸುತ್ತೀನಿ. ಇನ್ನ ನನಗಂತ ನೀವು ಸುತ್ತರಿ. ಮತ್ತ ನೋಡ್ರಿ, ಅದನ್ನ ನಾ ಬಂದು ತಗೀತೀನಿ. ನೀವು ಮುಟ್ಟಬ್ಯಾಡ್ರಿ." ಹಂಗ ನಕ್ಕೋತ ಒಳಗ ಹೋದ್ಲು.

ಒಳಗ ಎದಿ ನಿಂತುಬಿಡ್ತು.

ಮನಿಗೆ ತಂದು ಮಲಗಿಸಿದ್ವಿ. "ಮುತ್ತೈದಿ ಹೋಗ್ಯಾಳ. ತಾಳಿ ಹಾಕಿ ಕಳಸಬೇಕು. ಎಲ್ಲದ?" ಅಂದ್ಲು ನಮ್ಮ ಸೋದರತ್ತಿ. ಕಪಾಟು, ಪರ್ಸು, ದವಾಖಾನಿಯಿಂದ ತಂದ ಚೀಲ ಎಲ್ಲಾ ಹುಡಕಿದ್ವಿ. ಅಳೋ ಭರದಾಗ ಮರತು ನಾನೂ ಹಾಸಗಿ ಝಾಡಿಸ್ಲಿಕ್ಕೆ ಹತ್ತಿದ್ದೆ.

ಮಾಮಾ ಅಂಗಿ ಗುಂಡಿ ಬಿಚ್ಚಿದ್ರು. ಬನಿಯನ್ ಮ್ಯಾಲೆ ತಾಳಿ. ಅತ್ತಿ ಬಾಯಿ ತಗದು ನಿಂತ್ಲು. ನನಗ, ಅಕ್ಕನ ತಲಿ ಕಡೆ ನಿಂತಾಕಿಗೆ, ಫಕ್ಕನ ನಗಿ ಬಂತು. ಅತ್ತಿಗೂ ಬಂತು. ಇಬ್ಬರೂ ಕಣ್ಣೀರು ಸುರಿಸ್ಕೋತ ನಕ್ವಿ.

"ತಗದು ಕೊಡ್ರಿ," ಅಂದ್ಲು ಅತ್ತಿ.

ಮಾಮಾ ಗುಂಡಿ ತಿರುಗಿ ಹಾಕ್ಕೊಂಡ್ರು. "ತಾನ ತಗೀತೀನಿ ಅಂದಾಳ. ಅಕಿನ್ನ ಎಬ್ಬಸ್ರಿ."